ಗಾಳಿ ಸೋರದ ಮನೆ

ಮನೆಗೂ ಮಾರ್ಕ್ಸ್ ಹಾಕುತ್ತಾರೆ ಅನ್ನುವುದು ನನಗೆ ಗೊತ್ತಾದದ್ದು ಹ್ಯೂಸ್ಟನ್ ಪಕ್ಕದ ಪೇರ್ಲ್ಯಾಂಡಿನ ನಮ್ಮ ಮನೆಯಲ್ಲಿ ಎಷ್ಟೋ ವರ್ಷ ಬಾಳಿ, ಅದರ ಗೋಡೆಗಳೂ ನನ್ನ ಮೊಣಕಾಲೂ ಒಟ್ಟಿಗೇ ಬಿರುಕು ಬಿಡಲು ಶುರುವಾದ ಮೇಲೆ. ಎನರ್ಜಿ ರೇಟಿಂಗ್ ಅನ್ನುತ್ತಾರೆ. ಮನೆಯನ್ನು ತಂಪಾಗಿಡಲು, ಬೆಚ್ಚಗಿಡಲು ಎಷ್ಟು ಕರೆಂಟು, ಎಷ್ಟು ಗ್ಯಾಸ್ ಸುಡುತ್ತದೆ ಎಂದು ಅಳೆದು ಒಂದು ನಂಬರ್ ಕೊಡುತ್ತಾರೆ. ನಂಬರ್ ಕಡಿಮೆ ಇದ್ದಷ್ಟೂ ಒಳ್ಳೆಯ ಮನೆ. ನನ್ನ ಗಂಡ ಇದನ್ನು ಊಟದ ಟೇಬಲ್ಲಿನ ಮುಂದೆ ವಿವರಿಸಿದಾಗ ಅತ್ತೆ ತುತ್ತು ಕೈಯಲ್ಲೇ ಹಿಡಿದು ಕೇಳಿದರು, ಆಮೇಲೆ ನನ್ನ ಕಡೆ ತಿರುಗಿ, "ಕಡಿಮಿ ಮಾರ್ಕ್ಸ್ ಬಿದ್ರ ಪೇಢೆ ಹಂಚೋ ಮಗಾ ಇವನೊಬ್ಬನ ನೋಡು" ಅಂದರು. ಮೂವರೂ ನಕ್ಕೆವು. ಆ ನಗು ಈಗ ನೆನಪಾದರೆ ಮೈ ಉರಿಯುತ್ತದೆ.

ಆ ನಂಬರ್ ಇಳಿಸಲು ಮಾಡಿಸಿದ ಮನೆ ರಿಪೇರಿಯೆಲ್ಲ ಅತ್ತೆಗಾಗಿಯೇ ಆದದ್ದು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಗಂಡನನ್ನು ಬರೀ ನಂಬರಿನ ಹುಚ್ಚಿನವರು ಅಂದುಕೊಂಡೀರಿ. ಮಾವನವರು ತೀರಿಕೊಂಡ ಮೇಲೆ ಅತ್ತೆ ಧಾರವಾಡದ ಮನೆ ಮಾರಿ, ಕೈಲಿದ್ದ ಬಳೆ ಹೆಣ್ಣುಮಕ್ಕಳಿಗೆ ಕೊಟ್ಟು, ತಾಮ್ರದ ಪೂಜೆ ಸಾಮಾನಿನ ಒಂದು ಪೆಟ್ಟಿಗೆ ಹೊತ್ತುಕೊಂಡು ನಮ್ಮ ಹತ್ತಿರ ಬಂದವರು. ಹಿಂದಕ್ಕೆ ಹೋಗುವ ಮಾತು ಒಂದು ದಿನವೂ ಆಡಲಿಲ್ಲ. "ನನ್ನ ಮಗನ ಮನಿ ಇರೋದು ಎಲ್ಲೆ? ಅದೇ ನನ್ನ ಊರು" ಅನ್ನುತ್ತಿದ್ದರು. ಅವರಿಗೂ ನನಗೂ ಸರಿಬೀಳದ ವಿಷಯಗಳು ಬೇಕಾದಷ್ಟಿದ್ದವು. ಆದರೆ ಮುನಿಸು ಸಾರಿನ ಒಗ್ಗರಣೆ ಆರುವಷ್ಟರಲ್ಲಿ ಆರುತ್ತಿತ್ತು.

ಟೆಕ್ಸಾಸಿಗೆಲ್ಲ ಹಿಮ ಬಿದ್ದು ಕರೆಂಟು ಹೋದ ಆ ಚಳಿಗಾಲ ಇಲ್ಲಿದ್ದವರಿಗೆಲ್ಲ ನೆನಪಿದೆ. ನಮ್ಮ ಮನೆ ಸೋರುವ ಮನೆ. ಕಿಟಕಿ ಸಂದಿಯಿಂದ, ಅಟ್ಟದಿಂದ, ಕರೆಂಟಿನ ಪ್ಲಗ್ಗುಗಳ ಹಿಂದಿನಿಂದ ಗಾಳಿ ಹೊಕ್ಕು ಹೊರಡುತ್ತಿತ್ತು. ಇದ್ದಬದ್ದ ಕೌದಿ, ಶಾಲು, ರೇಷ್ಮೆ ಸೀರೆಗಳನ್ನೆಲ್ಲ ಅತ್ತೆಯ ಮೇಲೆ ಹೇರಿದರೂ ಅವರ ತುಟಿ ನೀಲಿಗಟ್ಟಿತು. ನನ್ನ ಗಂಡ ಅವರ ಪಾದಗಳನ್ನು ತಮ್ಮ ಹೊಟ್ಟೆಗೆ ಒತ್ತಿಕೊಂಡು ಕೂತಿದ್ದರು. "ಇಷ್ಟ್ ದೂರ ಬಂದು ಐಸಾಗಿ ಸಾಯೂದು ಇತ್ತೇನೋ ನನ್ನ ಹಣೇಬರದಾಗ" ಎಂದು ಅತ್ತೆ ಗೊಣಗಿದರು. ಇವರು ಆಗ ಮಾತು ಕೊಟ್ಟರು: "ಅವ್ವಾ, ಈ ಮನೀನ ಬದಲಿ ಮಾಡ್ತೀನಿ. ಇನ್ನೊಮ್ಮೆ ನಿನಗ ಥಂಡಿ ಹತ್ತಲಿಕ್ಕೆ ಬಿಡೂದಿಲ್ಲ."

ಅದೇ ಚಳಿಯಲ್ಲಿ ಇವರು ಇನ್ನೊಂದು ಕೆಲಸ ಮಾಡಿದ್ದರು. ಫೋನಿನಲ್ಲಿ ಇದ್ದ ಚೂರುಪಾರು ಚಾರ್ಜಿನಲ್ಲಿ ಗೊತ್ತಿರುವ ಕನ್ನಡದವರಿಗೆಲ್ಲ ಮೆಸೇಜ್ ಹಾಕಿದ್ದರು, ಗ್ಯಾರೇಜಿನಲ್ಲಿ ಕಾರು ಸ್ಟಾರ್ಟ್ ಮಾಡಿ ಕೂರಬೇಡಿ, ಒಳಗೆ ಇದ್ದಿಲ ಒಲೆ ಹಚ್ಚಬೇಡಿ, ಕಾರ್ಬನ್ ಮೊನಾಕ್ಸೈಡ್ ವಾಸನೆಯಿಲ್ಲದೆ ಕೊಲ್ಲುತ್ತದೆ ಎಂದು. ನಮ್ಮ ಬೀದಿಯಲ್ಲಿ ಮನೆಮನೆಗೆ ಹೋಗಿ ಬಾಗಿಲು ಬಡಿದು ಹೇಳಿ ಬಂದರು. ಹೇಳಬೇಕಾದವರೇ ಇವರು. ಕೆಮಿಕಲ್ ಪ್ಲಾಂಟಿನಲ್ಲಿ ಸೇಫ್ಟಿ ಎಂಜಿನಿಯರಾಗಿ ರಿಟೈರ್ ಆದವರು. ಅಲ್ಲಿ ಒಂದು ಅಲಾರ್ಮನ್ನು ಐದು ನಿಮಿಷ ಬಂದ್ ಮಾಡಬೇಕಿದ್ದರೂ ಮೂರು ಜನರ ಸಹಿ ಬೇಕು, ಅದರಲ್ಲಿ ಕಡೆಯದು ಇವರದು. ದೀಪದ ಬುಡದಲ್ಲಿ ಕತ್ತಲು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರೆ. ಇದ್ದ ಮನೆಯಲ್ಲೇ ಇದ್ದುಕೊಂಡು ರಿಪೇರಿ ಮಾಡಿಸಿ ನೋಡು ಅಂತ ಯಾರೂ ಹೇಳಿಲ್ಲ, ಹೇಳಿದ್ದರೆ ಆ ಎರಡಕ್ಕಿಂತ ದೊಡ್ಡ ಗಾದೆಯಾಗುತ್ತಿತ್ತು. ಎಲ್ಲ ಕಿಟಕಿಗಳನ್ನು ಕಿತ್ತು ಎರಡು ಪದರದ ಗಾಜು ಹಾಕಿದರು. ಅಟ್ಟದ ಚಾವಣಿಗೆ ಒಳಗಿನಿಂದ ಫೋಮ್ ಸಿಂಪಡಿಸಿದರು, ಅದು ಅಂಬಲಿ ಉಕ್ಕಿದ ಹಾಗೆ ಉಕ್ಕಿ ಗಟ್ಟಿಯಾಗಿ ಸಂದಿಗೊಂದಿಯನ್ನೆಲ್ಲ ಮುಚ್ಚಿತು. ನನ್ನ ಪಾಲಿಗೆ ಬಂದದ್ದು ಒಲೆಯ ಮೇಲೆ ಹೊಗೆ ಎಳೆಯುವ ದೊಡ್ಡ ಹುಡ್. ಇಂಗು, ಬ್ಯಾಡಗಿ ಮೆಣಸಿನ ಒಗ್ಗರಣೆಗೆ ಇನ್ನು ಗ್ಯಾರೇಜಿಗೆ ಓಡಬೇಕಾಗಿಲ್ಲ ಎಂದು ನಾನು ಹಿಗ್ಗಿದೆ.

ಕೆಲಸಕ್ಕೆ ಮೊದಲೂ ಆಮೇಲೂ ಮಾರ್ಕ್ಸ್ ಹಾಕುವ ರೇಟರ್ ಒಬ್ಬರು ಬಂದು ಮನೆ ಅಳೆದರು. ಮುಂಬಾಗಿಲಿನ ಚೌಕಟ್ಟಿಗೆ ಬಟ್ಟೆ ಬಿಗಿದು, ಅದರ ನಡುವೆ ದೊಡ್ಡ ಫ್ಯಾನ್ ಕೂರಿಸಿ, ಮನೆಯೊಳಗಿನ ಗಾಳಿಯನ್ನು ಹೊರಕ್ಕೆ ಎಳೆಯುತ್ತಾರೆ. ಆಗ ಎಲ್ಲೆಲ್ಲಿ ತೂತಿದೆಯೋ ಅಲ್ಲಿಂದ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಮೊದಲ ಸಲ ದೇವರ ಮನೆಯ ಪರದೆ ಹಾರಾಡಿತ್ತು. ಅತ್ತೆ ಕುರ್ಚಿ ಹಾಕಿಕೊಂಡು ಕೂತು ನೋಡಿ, "ಮನೀಗೆ ದಮ್ಮಿನ ಪರೀಕ್ಷಾ ಮಾಡ್ಲಿಕತ್ತಾನೇನು?" ಎಂದು ಕೇಳಿದರು. ಎರಡನೆಯ ಸಲ ಪರದೆ ಅಲುಗಲಿಲ್ಲ. ರೇಟರ್ ತಲೆದೂಗಿದರು. ನನ್ನ ಗಂಡನ ಮುಖ ಮಗಳು ಮೆಡಲ್ ತಂದ ದಿನದ ಹಾಗಿತ್ತು.

ಒಂದು ಕೆಲಸ ಮಾತ್ರ ಬಾಕಿ. ಅತ್ತೆಯ ಕೋಣೆಗೆ ಅಂಟಿದ ಸಣ್ಣ ಕಪಾಟಿನಂಥ ಜಾಗದಲ್ಲಿ ಹಳೆಯ ಗ್ಯಾಸ್ ಬಾಯ್ಲರ್ ಇತ್ತು, ಸ್ನಾನಕ್ಕೆ, ಪಾತ್ರೆಗೆ ಬಿಸಿನೀರು ಕೊಡುವುದು. ಅದು ಉರಿಯಲು ಬೇಕಾದ ಗಾಳಿಯನ್ನು ಇಷ್ಟು ವರ್ಷ ಅಟ್ಟದಿಂದ ಎಳೆದುಕೊಳ್ಳುತ್ತಿತ್ತು. ಈಗ ಅಟ್ಟ ಮುಚ್ಚಿಹೋಗಿದೆ. ಅದನ್ನು ತೆಗೆದು ಕರೆಂಟಿನದು ಹಾಕಬೇಕು, ಆಗಲೇ ಕೊನೆಯ ರೇಟಿಂಗ್ ಎಂದು ರೇಟರ್ ಹೇಳಿದರು. ಇವರಿಗೆ ಅದು ಮೊದಲೇ ಗೊತ್ತಿತ್ತು, ಹೊಸದನ್ನು ಆರ್ಡರ್ ಮಾಡಿಯೂ ಆಗಿತ್ತು. ಬರುವುದು ತಡವಾಯಿತು. ಇವತ್ತು ನಾಳೆ ಎಂದು ಕಂಪನಿಯವರು ಮುಂದೂಡುತ್ತಲೇ ಇದ್ದರು. "ಅಲ್ಲೀತನಕ ಅಲಾರ್ಮ್ ಅದ, ಚಿಂತಿಲ್ಲ" ಅಂದರು ಇವರು. ಹೊಗೆಗೂ ಆ ವಿಷಗಾಳಿಗೂ ಕೂಗುವ ಹೊಸ ಅಲಾರ್ಮುಗಳನ್ನು ತಾವೇ ಏಣಿ ಹತ್ತಿ ಹಾಕಿದ್ದರು. ಒಂದು ಅತ್ತೆಯ ಕೋಣೆಯ ಬಾಗಿಲ ಎದುರಿಗೇ.

ಆ ದಿನಗಳಲ್ಲಿ ಮನೆಯಲ್ಲಿದ್ದ ಒಂದೇ ಜಗಳ ಸಂಜೆಯ ಬಾಗಿಲಿನದು. ಅತ್ತೆ ದಿನಾ ದೀಪ ಹಚ್ಚುವ ಹೊತ್ತಿಗೆ ಮುಂಬಾಗಿಲು ತೆರೆದಿಡುವವರು, ಲಕ್ಷ್ಮಿ ಬರುವ ಹೊತ್ತು ಅದು. ಧಾರವಾಡದಲ್ಲಿ ಹಾಗೆ ತೆರೆದರೆ ತಂಪು ಗಾಳಿ ಬರುತ್ತದೆ. ಹ್ಯೂಸ್ಟನ್ನಿನ ಶ್ರಾವಣದಲ್ಲಿ ತೆರೆದರೆ ಒದ್ದೆ ಕಂಬಳಿ ಹೊದಿಸಿದ ಹಾಗೆ ಸೆಕೆ ಬಂದು ಬೀಳುತ್ತದೆ. ಇಷ್ಟು ಖರ್ಚು ಮಾಡಿ, ಕೂದಲೆಳೆಯ ಸಂದಿಯನ್ನೂ ಮುಚ್ಚಿಸಿ, ಕೊನೆಗೆ ಇಡೀ ಬಾಗಿಲನ್ನೇ ತೆರೆದಿಡುವುದೆಂದರೆ ಇವರಿಗೆ ದುಡ್ಡನ್ನೇ ಬೀದಿಗೆ ಸುರಿದ ಹಾಗೆ. ಬಾಗಿಲಿಗೆ ಒಂದು ಮೆಷಿನ್ ಹಾಕಿದರು. ತೆರೆದ ಕೂಡಲೇ ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ ಬಾಗಿಲು ತೆರೆದಿದೆ, ಬಾಗಿಲು ತೆರೆದಿದೆ ಅನ್ನುತ್ತಿದ್ದಳು. "ತಗದೋಳು ನಾನs, ನನಗೇ ಏನ್ ಹೇಳ್ತೀ?" ಎಂದು ಅತ್ತೆ ಅವಳನ್ನು ಬೈಯುತ್ತಿದ್ದರು. ಕೊನೆಗೆ ರಾಜಿಯಾಯಿತು. ಅತ್ತೆ ಬಾಗಿಲು ತೆರೆದು ನಿಲ್ಲುವುದು, ಇವರು ಹಿಂದೆಯೇ ನಿಂತು, "ಬಂದ್ಲೇನವ್ವಾ ಲಕ್ಷ್ಮಿ? ಹಾಕ್ಲೇನು ಬಾಗಲಾ?" ಎಂದು ಕೇಳುವುದು. "ತಡಿಯೋ, ಮುದುಕಿ ಇದ್ದಾಳ, ಮೆಲ್ಲಕ ಬರ್ತಾಳ" ಎಂದು ಅತ್ತೆ ಇನ್ನಷ್ಟು ಹೊತ್ತು ಎಳೆಯುತ್ತಿದ್ದರು.

ಹೋಮ ಆಗಬೇಕು ಅಂದವರು ಅತ್ತೆ. ಗೋಡೆ ಕೊರೆದದ್ದಾಗಿದೆ, ಚೌಕಟ್ಟು ಕಿತ್ತದ್ದಾಗಿದೆ, ವಾಸ್ತುಶಾಂತಿ ಮಾಡದೆ ಹಾಗೇ ಇರಬಾರದು. ಇವರು ಇಲ್ಲ ಅನ್ನಲಿಲ್ಲ. ಒಳಗೊಳಗೇ ಇವರಿಗೂ ಹೊಸ ಮನೆ ಜನರಿಗೆ ತೋರಿಸುವ ಆಸೆ ಇತ್ತು. ನಮ್ಮವರ ಅಂಗಡಿಗಳಿರುವ ಪಕ್ಕದ ಊರು ಸ್ಟಾಫರ್ಡಿಗೆ ಹೋಗಿ ಸಮಿತ್ತು, ನವಧಾನ್ಯ, ತುಪ್ಪ ತಂದೆವು. ಅಡುಗೆಗೆ ದೊಡ್ಡ ಪಾತ್ರೆಗಳನ್ನು ಅಲ್ಲೇ ಇರುವ ಸ್ನೇಹಿತರಿಂದ ಕಡ ತಂದೆವು.

ಈ ದೇಶದಲ್ಲಿ ಮನೆಯೊಳಗೆ ಹೋಮ ಮಾಡುವ ಮೊದಲು ನಾವೆಲ್ಲ ಮಾಡುವ ಕೆಲಸ ಒಂದಿದೆ, ಅದು ಯಾವ ಶಾಸ್ತ್ರದಲ್ಲೂ ಇಲ್ಲ. ಏಣಿ ಹಾಕಿ ಅಲಾರ್ಮುಗಳನ್ನು ಇಳಿಸುವುದು. ಇಲ್ಲದಿದ್ದರೆ ಮೊದಲ ಆಹುತಿಗೇ ಮನೆಯಿಡೀ ಕಿರುಚಿಕೊಳ್ಳುತ್ತದೆ. ಪುರೋಹಿತರೇ ಹಿಂದಿನ ದಿನ ಫೋನ್ ಮಾಡಿ, "ಹಾಲು, ಹೂವು, ಐದು ಥರದ ಹಣ್ಣು, ಆಮೇಲೆ ಆ ಸ್ಮೋಕ್ ಅಲಾರ್ಮ್ ಒಂದು ತೆಗೆದುಬಿಡಿ" ಎಂದು ನೆನಪಿಸುತ್ತಾರೆ. ಗಣಪತಿ ಪೂಜೆಗೂ ಮೊದಲಿನ ಪೂಜೆ ಇದು ಎಂದು ನಾವು ತಮಾಷೆ ಮಾಡುತ್ತೇವೆ. ಶನಿವಾರ ಬೆಳಿಗ್ಗೆ ಇವರು ಮಡಿಪಂಚೆ ಉಡುವ ಮೊದಲು ಏಣಿ ಹತ್ತಿದರು. ಒಂದೊಂದನ್ನೇ ತಿರುಗಿಸಿ ಬಿಚ್ಚಿ, ಬ್ಯಾಟರಿ ತೆಗೆದು, ಕೆಳಗೆ ನಿಂತಿದ್ದ ಅತ್ತೆಯ ಕೈಗೆ ಕೊಟ್ಟರು. ಯಾರ ಸಹಿಯೂ ಬೇಕಾಗಲಿಲ್ಲ.

ಹೋಮ ಚೆನ್ನಾಗಿ ಆಯಿತು. ಕಿಟಕಿ ಬಾಗಿಲು ತೆರೆದಿದ್ದರೂ ಹೊಗೆ ಈ ಮನೆಯಿಂದ ಬೇಗ ಹೋಗಲಿಲ್ಲ, ಹೊರಹೋಗುವ ಹಳೆಯ ದಾರಿಗಳೆಲ್ಲ ಮುಚ್ಚಿದ್ದವು. ಬಂದವರು ಕಣ್ಣೊರೆಸಿಕೊಳ್ಳುತ್ತಲೇ ಕಿಟಕಿ ಮುಟ್ಟಿ ನೋಡಿದರು, ಬಿಲ್ ಎಷ್ಟು ಬರುತ್ತೆ ಎಂದು ಕೇಳಿದರು. ಇವರು ಮೈಮೇಲಿನ ಶಲ್ಯ ಸರಿಮಾಡಿಕೊಳ್ಳುತ್ತ ಗೋಡೆ, ಗಾಜು, ಅಟ್ಟದ ಪಾಠ ಮಾಡಿದರು. ಆಸ್ಟಿನ್ನಿನಿಂದ ಬಂದಿದ್ದ ನಮ್ಮ ಮಗಳು ಅಜ್ಜಿಗೆ ಊಟ ಬಡಿಸಿ, ರಾತ್ರಿಯಾಗುವ ಮೊದಲೇ ಡ್ರೈವ್ ಮಾಡಿಕೊಂಡು ವಾಪಸ್ ಹೋದಳು. ಕೊನೆಯ ಅತಿಥಿಗಳು ಹೋಗುವಷ್ಟರಲ್ಲಿ ಮೂವರ ಸೊಂಟವೂ ಬಿದ್ದುಹೋಗಿತ್ತು. "ಅಲಾರ್ಮ್ ಹಾಕೂದದ" ಅಂದರು ಇವರು. ಏಣಿಯನ್ನು ಆಗಲೇ ಗ್ಯಾರೇಜಿಗೆ ಸೇರಿಸಿಯಾಗಿತ್ತು. ನಾಳೆ ಅಂದುಕೊಂಡರು.

ಭಾನುವಾರ ಎದ್ದಾಗ ಮೂವರಿಗೂ ತಲೆನೋವು. ಮೂವರ ಹತ್ತಿರವೂ ಅದಕ್ಕೆ ಕಾರಣ ಇತ್ತು. ನಾನು ಹೊಗೆ ಅಂದೆ. ಇವರು ಉಪವಾಸ ಮಾಡಿ ಮಧ್ಯಾಹ್ನ ಹೋಳಿಗೆ ಜಾಸ್ತಿ ತಿಂದದ್ದು ಅಂದರು. ಅತ್ತೆ ದೃಷ್ಟಿ ಅಂದರು. "ಎಷ್ಟ್ ಮಂದಿ ಬಾಯಾಗ ಬಿತ್ತು ಈ ಮನಿ, ಹತ್ತದ ಇರ್ತದೇನು ದೃಷ್ಟಿ?" ಎಂದು ಉಪ್ಪು, ಒಣಮೆಣಸಿನಕಾಯಿ ಇಳಿ ತೆಗೆದು ಒಲೆಯಲ್ಲಿ ಸುಟ್ಟರು. ನಾನು ನಲವತ್ತು ವರ್ಷ ಆಸ್ಪತ್ರೆಯ ಔಷಧಿ ಕೌಂಟರಿನ ಹಿಂದೆ ನಿಂತವಳು. ಒಂದೇ ಮನೆಯ ಮೂವರಿಗೆ ಒಂದೇ ಬೆಳಿಗ್ಗೆ ತಲೆ ನೋಯುತ್ತಿದೆ ಎಂದು ಬೇರೆ ಯಾರಾದರೂ ಹೇಳಿದ್ದರೆ ನನ್ನ ಕಿವಿ ನೆಟ್ಟಗಾಗುತ್ತಿತ್ತು. ನಮ್ಮ ಮನೆಗೆ ಮಾತ್ರೆ ಹಂಚಿದೆ.

ತಿಂಡಿಯಾದ ಮೇಲೆ ಇವರು ಅಲಾರ್ಮುಗಳನ್ನು ಹುಡುಕಿದರು. ಡೈನಿಂಗ್ ಟೇಬಲ್ಲಿನ ಮೇಲೆ ಇರಲಿಲ್ಲ, ಅಡುಗೆಮನೆಯ ಕಟ್ಟೆಯ ಮೇಲೂ ಇರಲಿಲ್ಲ. ಅತ್ತೆಯನ್ನು ಕೇಳಿದರು. ಅವರು ಮಂಚದ ಮೇಲೆ ಅಡ್ಡಾಗಿದ್ದರು. "ಎಲ್ಲಾ ಜ್ವಾಕಿಂದ ತಗದಿಟ್ಟೇನಿ. ತಲಿ ಭಾಳ ಸುತ್ತಲಿಕತ್ತದ, ಆಮ್ಯಾಲ ಕೊಡ್ತೀನೋ" ಅಂದರು. "ಆಯ್ತು ಮಲಕ್ಕೊ ಅವ್ವಾ, ಅವಸರೇನಿಲ್ಲ" ಅಂದರು ಇವರು.

ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ. ಇವರು ಒಬ್ಬರೇ ಕೂತಾಗ ಈಗಲೂ ಅದನ್ನು ಬಾಯಲ್ಲೇ ಅಂದುಕೊಳ್ಳುತ್ತಾರೆ.

ಮನೆಯಲ್ಲಿ ಇನ್ನೂ ಹೊಗೆಯ ಕಮಟು ಇತ್ತು. ಹೊರಗೆ ಸುಡು ಬಿಸಿಲು, ಕಿಟಕಿ ತೆರೆಯುವ ಹಾಗಿಲ್ಲ. ಸಂಜೆಗೆ ಮೊದಲು ಕಡ ತಂದ ಪಾತ್ರೆಗಳನ್ನು ಸ್ಟಾಫರ್ಡಿಗೆ ಮುಟ್ಟಿಸಬೇಕಿತ್ತು. ಹೊರಡುವ ಮೊದಲು ನಾನು ಎಣ್ಣೆ ತುಪ್ಪದ ಪಾತ್ರೆಗಳನ್ನು ಡಿಶ್‌ವಾಷರಿಗೆ ತುಂಬಿದೆ, ಅರಿಶಿನ ಕುಂಕುಮ ಹತ್ತಿದ ಪಂಚೆಗಳನ್ನು ಬಿಸಿನೀರಿನಲ್ಲಿ ಒಗೆಯಲು ಹಾಕಿದೆ. ಇವರು ವಾಸನೆ ಹೋಗಲಿ ಎಂದು ನನ್ನ ಒಲೆಯ ಮೇಲಿನ ಹುಡ್ಡನ್ನು ಪೂರ್ತಿ ಜೋರಿನಲ್ಲಿ ಹಚ್ಚಿದರು. ಅತ್ತೆ ಕೋಣೆಯಿಂದ, "ಬಾಗಲಾ ಸ್ವಲ್ಪ ತಗದ್ ಹೋಗ್ರೆಪಾ, ದಮ್ಮು ಕಟ್ಟಿದಂಗ ಆಗ್ತದ" ಅಂದದ್ದು ಕೇಳಿತು. "ಹೊರಗ ಬೆಂಕಿ ಸುರೀಲಿಕತ್ತದವ್ವಾ. ಸಂಜಿಕೆ ಬಂದು ನಾನs ತಗೀತೀನಿ, ಲಕ್ಷ್ಮಿ ಬರೋ ಹೊತ್ತಿಗೆ ಬಂದೇ ಬಿಡ್ತೇವಿ" ಎಂದು ಇವರು ಕೂಗಿ ಹೇಳಿ ಬಾಗಿಲು ಎಳೆದುಕೊಂಡರು.

ಆಮೇಲೆ ಆದದ್ದನ್ನು ಇವರೇ ನನಗೆ ಬಿಡಿಸಿ ಹೇಳಿದ್ದಾರೆ, ಪ್ಲಾಂಟಿನ ಹುಡುಗರಿಗೆ ಹೇಳುವ ಹಾಗೆ, ಧ್ವನಿ ಏರಿಸದೆ. ಹುಡ್ ಮನೆಯ ಗಾಳಿಯನ್ನು ಹೊರಕ್ಕೆ ಎಳೆಯಿತು. ಹೋದ ಗಾಳಿಯ ಬದಲಿಗೆ ಗಾಳಿ ಎಲ್ಲಿಂದಾದರೂ ಒಳಗೆ ಬರಲೇಬೇಕು. ಹಳೆಯ ಮನೆಯಾಗಿದ್ದರೆ ನೂರು ಸಂದಿಯಿಂದ ಬರುತ್ತಿತ್ತು. ಈ ಮನೆಯಲ್ಲಿ ಉಳಿದಿದ್ದ ತೂತು ಒಂದೇ, ಬಾಯ್ಲರಿನ ಹೊಗೆ ಕೊಳವೆ. ಬಿಸಿನೀರಿಗಾಗಿ ಬಾಯ್ಲರ್ ಉರಿಯುತ್ತಲೇ ಇತ್ತು. ಮೇಲಕ್ಕೆ ಹೋಗಬೇಕಾದ ಅದರ ಉಸಿರು ತಿರುಗಿ ಕೆಳಕ್ಕೆ ಬಂತು, ಅತ್ತೆಯ ಕೋಣೆಗೆ. ಅಲಾರ್ಮ್ ಇಳಿಸುವ ಮೊದಲು, ಶುಕ್ರವಾರವಾಗಿದ್ದರೆ, ಬಾಗಿಲ ಎದುರಿನದು ಕೂಗುತ್ತಿತ್ತು.

ಸ್ಟಾಫರ್ಡಿನಲ್ಲಿ ಚಹಾ ಕುಡಿದೆವು. ಹೊರಗಿನ ಗಾಳಿಗೆ ನನ್ನ ತಲೆನೋವು ಇಳಿದಿತ್ತು, ನೋಡಿ, ಮಾತ್ರೆ ಕೆಲಸ ಮಾಡಿತು ಅಂದೆ. ವಾಪಸ್ ಬಂದಾಗ ದೀಪ ಹಚ್ಚುವ ಹೊತ್ತು ಮೀರುತ್ತಿತ್ತು. ಕಾರು ತಿರುಗುವಾಗಲೇ ನಮ್ಮ ಮುಂಬಾಗಿಲು ಕಾಣುತ್ತದೆ. ಮುಚ್ಚಿತ್ತು. ಜ್ವರ ಬಂದಾಗಲೂ ಗೋಡೆ ಹಿಡಿದುಕೊಂಡು ಬಂದು ಆ ಬಾಗಿಲು ತೆರೆದ ಹೆಂಗಸು ಅತ್ತೆ. ಇವರು ಕಾರಿನ ಬಾಗಿಲು ಹಾಕದೆಯೇ ಓಡಿದರು.

ಅತ್ತೆ ಮಗ್ಗುಲಾಗಿ ಮಲಗಿದ್ದರು. ಮುಖಕ್ಕೆ ಒಂದು ಕೆಂಪು ಕಳೆ ಬಂದಿತ್ತು. ಅರೆಕ್ಷಣ ನನಗೆ ಸಮಾಧಾನವೂ ಆಯಿತು, ಚೆನ್ನಾಗಿ ನಿದ್ದೆ ಹತ್ತಿದೆ ಎಂದು. ಇವರು ಆ ಬಣ್ಣ ನೋಡಿದ ಕೂಡಲೇ ವಿಷಗಾಳಿ ಎಂದು ತಿಳಿದುಕೊಂಡರು. ತಾಯಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೊರಗೆ ಹುಲ್ಲಿನ ಮೇಲೆ ತಂದು ಮಲಗಿಸಿದರು. ಆ ವಯಸ್ಸಿನಲ್ಲಿ ಅಷ್ಟು ಶಕ್ತಿ ಎಲ್ಲಿಂದ ಬಂತೋ. ಹಿಂದೆ ಬಾಗಿಲು ಹಾರುಹೊಡೆದಿತ್ತು, ಒಳಗಿನಿಂದ ಆ ಹೆಂಗಸು ಬಾಗಿಲು ತೆರೆದಿದೆ, ಬಾಗಿಲು ತೆರೆದಿದೆ ಅನ್ನುತ್ತಲೇ ಇದ್ದಳು.

ಫೈರ್ ಸ್ಟೇಶನ್ನಿನವರು ಬಂದರು. ಅವರ ಭುಜಕ್ಕೆ ಕಟ್ಟಿದ್ದ ಸಣ್ಣ ಮೀಟರ್ ಹೊಸ್ತಿಲು ದಾಟುವ ಮೊದಲೇ ಚೀರಿತು. ಅವರಲ್ಲೊಬ್ಬರು ಸಂಕಟದಿಂದಲೇ ಕೇಳಿದರು, ಮನೆಯಲ್ಲಿ ಅಲಾರ್ಮ್ ಇರಲಿಲ್ಲವೇ ಎಂದು. ಚಾವಣಿಯಲ್ಲಿ ಅಲಾರ್ಮ್ ಕೂರಿಸುವ ದುಂಡಗಿನ ಖಾಲಿ ಬಿಲ್ಲೆಗಳಿಂದ ವೈರುಗಳು ನೇತಾಡುತ್ತಿದ್ದವು.

ಆಸ್ಪತ್ರೆಯಲ್ಲಿ ಅತ್ತೆಗೆ ಎಚ್ಚರವಾಗಲೇ ಇಲ್ಲ. ಮಗಳು ಆಸ್ಟಿನ್ನಿನಿಂದ ಮತ್ತೆ ಬಂದು ಮುಟ್ಟುವಷ್ಟರಲ್ಲಿ ಹೋದರು.

ಕರ್ಮಾಂತರಕ್ಕೆ ಪುರೋಹಿತರು ದರ್ಭೆ, ತಾಮ್ರದ ತಂಬಿಗೆ ಕೇಳಿದರು. ಅವೆಲ್ಲ ಅತ್ತೆಯ ಪೆಟ್ಟಿಗೆಯಲ್ಲಿ. ಧಾರವಾಡದಿಂದ ಬಂದ ಆ ಪೆಟ್ಟಿಗೆಯನ್ನು ಅವರಲ್ಲದೆ ಯಾರೂ ತೆರೆದದ್ದಿಲ್ಲ. ಇವರು ಒದ್ದೆ ಪಂಚೆಯಲ್ಲೇ ಮೊಣಕಾಲೂರಿ ಮುಚ್ಚಳ ಎತ್ತಿದರು. ಮೇಲೆಯೇ ಅತ್ತೆಯ ಹಳೆಯ ಮಡಿಸೀರೆಯ ತುಂಡಿನ ಗಂಟು. ಬಿಚ್ಚಿದರೆ ಅಲಾರ್ಮುಗಳು, ಒಂದರ ಮೇಲೊಂದು ರೊಟ್ಟಿ ಜೋಡಿಸಿದ ಹಾಗೆ ಜೋಡಿಸಿ, ಬ್ಯಾಟರಿಗಳನ್ನು ಬೇರೆ ಗಂಟು ಕಟ್ಟಿ. ಮಗ ದುಡ್ಡು ಕೊಟ್ಟು ತಂದ ಸಾಮಾನು, ಕಳೆದುಹೋಗಬಾರದು ಎಂದು ದೇವರ ಸಾಮಾನಿನ ಜೊತೆ ಇಟ್ಟಿದ್ದರು. ಇವರು ಒಂದನ್ನು ಕೈಗೆ ತೆಗೆದುಕೊಂಡು ಅದರ ಮೇಲೆ ಕೂತಿದ್ದ ಹೋಮದ ಬೂದಿಯನ್ನು ಪಂಚೆಯ ಅಂಚಿನಿಂದ ಒರೆಸಿದರು. ಒರೆಸುತ್ತಲೇ ಇದ್ದರು. ಪುರೋಹಿತರು ಎರಡು ಸಲ ಕರೆಯಬೇಕಾಯಿತು.

ಬಂದವರು ಏನೇನು ಅಂದರು! ಪುಣ್ಯವಂತರು, ಹೋಮದ ಮರುದಿನವೇ ಹೋದರು, ಶ್ರಾವಣ ಮಾಸ, ನಿದ್ದೆಯಲ್ಲೇ, ನರಳದೆ. ಯಾರಿಗೆ ಬೇಕು ಇಂಥ ಪುಣ್ಯ? ದಮ್ಮು ಕಟ್ಟುತ್ತದೆ, ಬಾಗಿಲು ತೆಗೆಯಿರಿ ಅಂದವರಿಗೆ ಬಾಗಿಲು ತೆಗೆಯದೆ ಹೋದದ್ದು ಯಾವ ಪುಣ್ಯ? ನಾನು ಒಬ್ಬ ಹೆಂಗಸಿಗೆ ಮುಖಕ್ಕೇ ಹೀಗೆ ಹೇಳಿದೆ, ಅವಳು ಅಂದಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಇನ್ನು ಕೆಲವರು ಹಿಂದಿನಿಂದ, ಅಮೆರಿಕದ ನಂಬರಿನ ಹುಚ್ಚು ಮುದುಕಿಯನ್ನು ತಿಂದಿತು ಅಂದರಂತೆ. ಅವರ ಮೇಲೂ ನನಗೆ ಅಷ್ಟೇ ಸಿಟ್ಟು. ಆ ರಿಪೇರಿ ಮಗ ತಾಯಿಗೆ ಥಂಡಿ ಹತ್ತಬಾರದು ಎಂದು ಮಾಡಿಸಿದ್ದು, ಆ ಹೋಮ ತಾಯಿ ಮಗನಿಗೆ ಕೆಟ್ಟದ್ದಾಗಬಾರದು ಎಂದು ಮಾಡಿಸಿದ್ದು. ಎರಡೂ ಸೇರಿ ಆದದ್ದು ಇದು. ಯಾರನ್ನು ಬೈಯಲಿ?

ಮಗಳು ಅಪ್ಪನ ಹೆಗಲು ಹಿಡಿದು ಇಂಗ್ಲಿಷಿನಲ್ಲಿ ಸಮಾಧಾನ ಮಾಡಿದಳು, ನಿಮ್ಮ ತಪ್ಪಲ್ಲ, ಇದು ಆಕ್ಸಿಡೆಂಟ್ ಎಂದು. ಇವರು ಕನ್ನಡದಲ್ಲೇ ಉತ್ತರ ಕೊಟ್ಟರು. "ಪ್ಲಾಂಟಿನ್ಯಾಗ ನಾನು ಆ ಶಬ್ದ ಬಳಸ್ಲಿಕ್ಕೆ ಬಿಡ್ತಿದ್ದಿಲ್ಲಮ್ಮಾ."

ಹೊಸ ಬಾಯ್ಲರ್ ಬಂದದ್ದು ಮೈಲಿಗೆಯ ದಿನಗಳಲ್ಲೇ. ಡೆಲಿವರಿಯವರು ಸಹಿ ಕೇಳಿದರು, ಇವರು ತಲೆ ಬೋಳಿಸಿಕೊಂಡು ಬಾಗಿಲಲ್ಲಿ ನಿಂತು ಸಹಿ ಹಾಕಿದರು. ಅದನ್ನು ಹಾಕಿಸಿದ ಮೇಲೆ ರೇಟರ್ ಕೊನೆಯ ಸಲ ಬಂದು ಅಳೆದು ಹೋದರು. ನಂಬರ್ ಅಂದುಕೊಂಡದ್ದಕ್ಕಿಂತ ಕೆಳಗೆ ಬಂತು. ಪೇಢೆ ಹಂಚುವಷ್ಟು ಒಳ್ಳೆಯದು. ಇವರು ಆ ಕಾಗದ ನೋಡಿ ಮೈಕ್ರೋವೇವಿನ ಮೇಲೆ ಇಟ್ಟರು, ಅದು ಅಲ್ಲೇ ಎಣ್ಣೆ ಹಿಡಿಯಿತು.

ಈಗ ಇವರು ದಿನಾ ಸಂಜೆ ಮುಂಬಾಗಿಲು ತೆರೆದು ನಿಲ್ಲುತ್ತಾರೆ. ಹಿಂದಿನಿಂದ ಹಾಕಲೇ ಎಂದು ಕೇಳುವವರು ಯಾರೂ ಇಲ್ಲ, ನಾನು ಕೇಳುವುದಿಲ್ಲ. ಮಾತಾಡುವ ಆ ಮೆಷಿನ್ನನ್ನು ನಾನೇ ಕಿತ್ತು ಕಸಕ್ಕೆ ಹಾಕಿದೆ. ಸೆಕೆ ಬರುತ್ತದೆ, ಸೊಳ್ಳೆ ಬರುತ್ತವೆ. ಲಕ್ಷ್ಮಿಯ ವಿಷಯ ನನಗೆ ಗೊತ್ತಿಲ್ಲ.

ವರ್ಷಾಂತಿಕ ಮುಗಿಯುವವರೆಗೆ ನಾವು ಯಾವ ಶುಭಕಾರ್ಯಕ್ಕೂ ಹೋಗಲಿಲ್ಲ. ಅದಾದ ಮೇಲೆ ಬಂದ ಮೊದಲ ಕರೆ ಡಲ್ಲಾಸಿನ ಆಚೆ ಮೆಕಿನ್ನಿಯಿಂದ, ಇವರ ಹಳೆಯ ಸಹೋದ್ಯೋಗಿಯ ಮಗನದು. ಬೆಂಗಳೂರಿನಲ್ಲಿ ಬೆಳೆದವನು. ಹಳೆಯ ಮನೆ ಕೊಂಡು, ಇವರನ್ನು ಫೋನಿನಲ್ಲಿ ಕೇಳಿ ಕೇಳಿ ಕಿಟಕಿ, ಅಟ್ಟ ಎಲ್ಲ ಮಾಡಿಸಿದ್ದ. "ಅಂಕಲ್, ರೇಟಿಂಗ್ ಸೂಪರ್ ಬಂದಿದೆ, ಎಲ್ಲಾ ನಿಮ್ಮಿಂದಾನೇ. ಗೃಹಪ್ರವೇಶಕ್ಕೆ ನೀವು ಬರ್ಲೇಬೇಕು" ಅಂದ. ಅತ್ತೆ ಹೋದದ್ದು ಅವನಿಗೆ ಗೊತ್ತಿತ್ತು. ಹೇಗೆ ಅನ್ನುವುದು ಗೊತ್ತಿರಲಿಲ್ಲ. ಇವರು ಬರುವುದಿಲ್ಲ ಅನ್ನುತ್ತಾರೆ ಅಂದುಕೊಂಡೆ. "ಹೋಮ ಒಳಗ ಮಾಡ್ತೀಯೇನು?" ಎಂದು ಕೇಳಿದರು. ಹೌದು ಅಂದ. "ಬರ್ತೀವಿ" ಅಂದರು.

ಅಲ್ಲಿ ಎಲ್ಲವೂ ನಮ್ಮ ಮನೆಯ ಹಾಗೇ ಇತ್ತು, ಅದೇ ಇಟ್ಟಿಗೆ, ಮರಳು, ತುಪ್ಪ, ಚಾವಣಿಯಲ್ಲಿ ನೇತಾಡುವ ಅದೇ ವೈರುಗಳು. ಇವರು ಹೋಮ ನೋಡಲಿಲ್ಲ. ಕತ್ತೆತ್ತಿ ಆ ವೈರುಗಳನ್ನೇ ನೋಡುತ್ತ ಕೂತರು. ಪೂರ್ಣಾಹುತಿಯಾಗಿ, ಹೊಗೆ ಕರಗಿ, ಎಲೆ ಹಾಕುವ ಹೊತ್ತಿಗೆ ಎದ್ದು ಹುಡುಗನ ಹತ್ತಿರ ಹೋಗಿ, "ಅಲಾರ್ಮ್ ಎಲ್ಲೆವ?" ಎಂದು ಕೇಳಿದರು.

"ಫ್ರಿಜ್ ಮೇಲಿದೆ ಅಂಕಲ್. ನಾಳೆ ಹಾಕ್ತೀನಿ, ನೀವು ಊಟಕ್ಕೆ ಕೂತ್ಕೊಳ್ಳಿ."

ಇವರು ಕೂರಲಿಲ್ಲ. ಗ್ಯಾರೇಜಿನಿಂದ ಏಣಿ ತಂದರು. ಹುಡುಗ ಬೇಡ ಬೇಡ ಅನ್ನುತ್ತ ಹಿಂದೆ ಬಂದ, ಕೊನೆಗೆ ಏಣಿ ಹಿಡಿದುಕೊಂಡು ನಿಂತ. ಒಂದೊಂದಕ್ಕೂ ಬ್ಯಾಟರಿ ಹಾಕಿ, ವೈರ್ ಸಿಕ್ಕಿಸಿ, ತಿರುಗಿಸಿ ಕೂರಿಸಿದರು. ಕೊನೆಯದು ನಡುಮನೆಯದು, ಊಟದ ಸಾಲುಗಳ ಮೇಲೆಯೇ. ಅದನ್ನು ಕೂರಿಸಿ, ಸರಿಯಾಗಿದೆಯೇ ನೋಡುವ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿದರು.

ಆ ಅಲಾರ್ಮುಗಳಿಗೆ ಒಂದಕ್ಕೊಂದು ನಂಟು. ಒಂದು ಕೂಗಿದರೆ ಮನೆಯ ಅಷ್ಟೂ ಕೂಗುತ್ತವೆ. ಮಕ್ಕಳು ಕಿವಿ ಮುಚ್ಚಿಕೊಂಡು ಅಳಲು ಶುರುಮಾಡಿದವು, ಬಡಿಸುತ್ತಿದ್ದವರ ಕೈಯಿಂದ ಸೌಟು ಬಿತ್ತು. ಪುರೋಹಿತರು ಎದ್ದು ನಿಂತರು. ಎಲ್ಲರೂ ಮೇಲೆ ನೋಡಿದರು. ಇವರು ಏಣಿಯ ಮೇಲೆ ಕಣ್ಣು ಮುಚ್ಚಿ ನಿಂತಿದ್ದರು, ಹೆಬ್ಬೆರಳು ತೆಗೆಯಲಿಲ್ಲ.

ಹುಡುಗ ಏಣಿ ಬಿಡಲಾರದೆ ನನ್ನ ಕಡೆ ತಿರುಗಿ ಕೂಗಿದ, "ಆಂಟಿ, ಕೆಲ್ಸ ಮಾಡ್ತಿದೆ, ಸಾಕು ಅಂತ ಅಂಕಲ್‌ಗೆ ಹೇಳಿ!"

"ಇರ್ಲಿ ಬಿಡಪ್ಪಾ," ಅಂದೆ, "ಇನ್ನೊಂದು ಸ್ವಲ್ಪ ಹೊತ್ತು ಕೂಗ್ಲಿ."